ಹಲ್ಲಿಯ ಸಾಕ್ಷಿ

ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಒಂದೆಳೆ ಕೋಳಿಮಾಂಸದ ಸಂಗತಿಯನ್ನು ಕಥೆಯೆಂದು ಹೇಳಲು ಹೊರಟದ್ದಕ್ಕೆ ಮೊದಲು ಕ್ಷಮೆ ಕೇಳಬೇಕು. ಇದರಲ್ಲಿ ಸತ್ತವರಿಗೆ ಬಡಿಸುವ ಅನ್ನದ ವಿಷಯವೂ ಬರುವುದರಿಂದ ಇನ್ನೊಮ್ಮೆ ಕೇಳಬೇಕು. ಇದಕ್ಕಿಂತ ದೊಡ್ಡ ಸಂಗತಿಗಳು ಊರಲ್ಲಿ ನಡೆಯುತ್ತಲೇ ಇರುತ್ತವೆ, ಅವನ್ನು ಚೆನ್ನಾಗಿ ಹೇಳಬಲ್ಲವರೂ ಇದ್ದಾರೆ. ಆದರೆ ಅರಂತೋಡಿನ ಉದಯನಿಗೆ ಆ ಸಂಜೆ ಪ್ರಪಂಚದಲ್ಲಿ ಇದ್ದದ್ದು ಅದೊಂದೇ: ಬಲಗಡೆ, ಮೇಲಿನ ಸಾಲಿನಲ್ಲಿ, ಎರಡು ದವಡೆಹಲ್ಲುಗಳ ನಡುವೆ, ನಾಲಗೆಯ ತುದಿಗೆ ಸಿಕ್ಕಿದ ಹಾಗೆ ಮಾಡಿ ಜಾರುವ ಒಂದು ನಾರು.

ಅವನು ಹಾಲ್‌ನ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಎದುರಿಗೆ ಅಮ್ಮನ ಕೋಣೆ; ಬಾಗಿಲು ಮುಚ್ಚಿದೆ. ಅಮ್ಮ ತಿಮ್ಮಕ್ಕ ತೀರಿಹೋದ ಮೇಲೆ ಅವಳಿಗೆ ಬಡಿಸುವ ಮೊದಲ ಎಡೆ, ಅಗೇಲು, ಇದು. ಕೊನೆಯ ತಿಂಗಳುಗಳನ್ನು ಅವಳು ಮಲಗಿಯೇ ಕಳೆದ ಆ ಕೋಣೆಯ ನೆಲದಲ್ಲಿ ಈಗ ಬಾಳೆಯೆಲೆ ಹಾಸಿದೆ. ಎಲೆಯ ಮೇಲೆ ಅನ್ನ, ಅಕ್ಕಿರೊಟ್ಟಿ, ಊರಕೋಳಿಯ ಸಾರು, ಪಕ್ಕದಲ್ಲಿ ಚೊಂಬಿನಲ್ಲಿ ನೀರು, ಎಲೆಅಡಿಕೆ, ದೀಪ. ಬಡಿಸಿದ ಚಿಕ್ಕಪ್ಪ ವೆಂಕಪ್ಪ ಕೈಮುಗಿದು, ಎಲೆಗೆ ಬೆನ್ನು ಹಾಕದೆ ಹಿಂದಹಿಂದಕ್ಕೆ ನಡೆದು ಹೊರಗೆ ಬಂದು ಬಾಗಿಲು ಎಳೆದುಕೊಂಡಿದ್ದರು. ಇನ್ನು ಸತ್ತವಳು ಬಂದು ಉಂಡು ಹೋಗುವಷ್ಟು ಹೊತ್ತು ಬದುಕಿರುವವರು ಹೊರಗೆ ಬಾಯಿ ಮುಚ್ಚಿ ಕಾಯಬೇಕು. ಚಿಕ್ಕಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತಿದ್ದರು. ಕಡಬದಿಂದ ಬಂದ ಅಕ್ಕ ವಾರಿಜ ಬಾಗಿಲಿಗೆ ಹತ್ತಿರವಾಗಿ ನೆಲದ ಮೇಲೆ, ಅವಳ ಗಂಡ, ಉದಯನ ಭಾವ, ಕಿಟಕಿಯ ಕಟ್ಟೆಯ ಮೇಲೆ. ಹೆಂಡತಿ ಭವಿತಾ ಅಡಿಗೆಮನೆಯ ಬಾಗಿಲಲ್ಲಿ, ಒಳಗೂ ಅಲ್ಲದೆ ಹೊರಗೂ ಅಲ್ಲದೆ, ಕೈಯನ್ನು ಸೆರಗಿಗೆ ಒರಸಿಕೊಳ್ಳುತ್ತ ನಿಂತಿದ್ದಳು. ಘಾಟಿ ಇಳಿದು ಬರುವ ಲಾರಿಗಳಿಗೆ ಮಾತ್ರ ಈ ಕ್ರಮ ಗೊತ್ತಿಲ್ಲ; ಮನೆಯೆದುರಿನ ತಿರುವಿನಲ್ಲಿ ಒಂದೊಂದೂ ಗೇರ್ ಬದಲಿಸುವಾಗ ಗಾಜು ನಡುಗುತ್ತಿತ್ತು. ಆಮೇಲೆ ಮತ್ತೆ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಉದಯನ ನಾಲಗೆ ತನ್ನ ಕೆಲಸ ಮಾಡುತ್ತಿತ್ತು.

ನಾರು ಅಲ್ಲಿಗೆ ಹೇಗೆ ಬಂತೆಂಬುದು ಅವನೊಬ್ಬನಿಗೆ ಗೊತ್ತು. ಅಗೇಲಿನ ಅಡಿಗೆಯ ರುಚಿ ನೋಡುವಂತಿಲ್ಲ. ಉಪ್ಪು, ಹುಳಿ, ಖಾರ ಎಲ್ಲ ಕಣ್ಣಂದಾಜು, ಮೂಗಂದಾಜು; ಮೊದಲ ತುತ್ತು ಹೋದವರದ್ದು, ಅವರು ಬಿಟ್ಟದ್ದು ಉಳಿದವರದ್ದು. ಮನೆಯ ಹಿಂದೆ ಕಲ್ಲಿನ ಒಲೆ ಹೂಡಿ ಕೋಳಿ ಬೇಯಿಸಿದ್ದು ಅವನೇ. ಹುಂಜ ಬಲಿತದ್ದು. ಎಷ್ಟು ಕುದಿದರೂ ಸೌಟಿನ ಬೆನ್ನಿನಿಂದ ಒತ್ತಿದರೆ ರಬ್ಬರಿನ ಹಾಗೆ ತಿರುಗಿ ನೂಕುತ್ತಿತ್ತು. ಅವನಿಗೆ ಆಗ ಬಂದ ಯೋಚನೆ, ಈಗ ನೆನೆಸಿದರೆ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನ್ನಿಸುವಂಥದ್ದು: ಅಮ್ಮನಿಗೆ ಉಳಿದದ್ದು ನಾಲ್ಕು ಹಲ್ಲು, ಇದನ್ನು ಅವಳು ಹೇಗೆ ಅಗಿದಾಳು? ಸತ್ತವರಿಗೆ ಹಲ್ಲು ಉಂಟೋ ಇಲ್ಲವೋ, ಇದ್ದರೆ ಹೋಗುವಾಗ ಇದ್ದಷ್ಟೋ ಪ್ರಾಯದಲ್ಲಿ ಇದ್ದಷ್ಟೋ, ಅದೆಲ್ಲ ಆಮೇಲಿನ ಮಾತು. ಹಿತ್ತಲಲ್ಲಿ ಯಾರೂ ಇರಲಿಲ್ಲ. ಕೈ ತನ್ನಷ್ಟಕ್ಕೆ ಒಂದು ತುಂಡು ಎತ್ತಿತು, ಬಾಯಿ ಅಗಿಯಿತು. ಉಪ್ಪು ನೋಡಲಿಕ್ಕಲ್ಲ, ಆಸೆಗಂತೂ ಅಲ್ಲವೇ ಅಲ್ಲ. ಅಮ್ಮನ ಪರವಾಗಿ ಅಗಿದು ನೋಡಿದ್ದು. ನುಂಗಿದ ಮೇಲೆ ಏನು ಮಾಡಿದೆನೆಂದು ಹೊಳೆಯಿತು. ಬಾಯಿ ಮುಕ್ಕಳಿಸಿದ. ಮೂರು ಸಲ ಮುಕ್ಕಳಿಸಿದರೂ, ಬೆರಳು ಹಾಕಿ ಉಜ್ಜಿದರೂ, ನಾರು ಮಾತ್ರ ಸಂದಿಯೊಳಗೆ ಬೆಣೆ ಹೊಡೆದ ಹಾಗೆ ಕೂತಿತ್ತು. ಅಷ್ಟರಲ್ಲಿ ಚಿಕ್ಕಪ್ಪ "ಆಯಿತಾ ಉದಯ, ದೀಪ ಹಚ್ಚಿ ಆಯಿತು" ಎಂದು ಕರೆದರು. ಎಲ್ಲ ಸರಿಯಾಗಬೇಕು, ಯಾರೂ ಒಂದು ಮಾತು ಹೇಳಬಾರದು ಎಂದು ವಾರದಿಂದ ನಿದ್ದೆಗೆಟ್ಟವನು ಅವನು. ಸರಿಯಾಗಬೇಕು ಎನ್ನುವವನ ಬಾಯಲ್ಲೇ ಎಂಜಲು.

ಆ ಸಂದಿ ಹಳೆಯ ವೈರಿ. ಪುತ್ತೂರಿನ ಹಲ್ಲಿನ ಡಾಕ್ಟರು ಕನ್ನಡಿ ಹಾಕಿ ನೋಡಿ, ಇದನ್ನು ತುಂಬಿಸಬೇಕು, ಇನ್ನೊಂದು ದಿನ ಬನ್ನಿ, ಅಲ್ಲಿಯವರೆಗೆ ನೂಲು ಹಾಕಿ ಎಳೆಯಿರಿ, ಕಡ್ಡಿ ಹಾಕಬೇಡಿ ಎಂದು ಬುದ್ಧಿ ಹೇಳಿ ಕಳಿಸಿದ್ದರು. ಆ ಇನ್ನೊಂದು ದಿನ ಬರುವುದರೊಳಗೆ ಅಮ್ಮ ಬಚ್ಚಲಲ್ಲಿ ಬಿದ್ದಳು, ಅರ್ಧ ಮೈ ಸೋತಿತು, ಹಲ್ಲು ಯಾರಿಗೆ ನೆನಪು. ನೂಲಿನ ಅಭ್ಯಾಸ ಅವನಿಗೆ ಹತ್ತಲಿಲ್ಲ. ಹತ್ತಿದ್ದು ಬೇರೆಯೇ: ನಾಲಗೆಯನ್ನು ಸಂದಿಗೆ ಒತ್ತಿ, ಗಾಳಿಯನ್ನು ಒಳಕ್ಕೆ ಸೆಳೆದು, ಚ್ಚ್ ಚ್ಚ್ ಎನ್ನಿಸುವುದು. ಸುಳ್ಯದ ಟಯರ್ ಅಂಗಡಿಯಲ್ಲಿ ಅವನು ಬಿಲ್ಲು ಮಾಡುವಾಗ ಪಕ್ಕದಲ್ಲಿ ಕೂರುವ ಶಫೀಕ್, "ಉದಯಣ್ಣ, ನೀವು ಬಾಯಲ್ಲಿ ಹಲ್ಲಿ ಸಾಕಿದ್ದೀರಾ ಎಂತ?" ಎಂದು ನಗುತ್ತಿದ್ದ. ಒಮ್ಮೆ ಗಿರಾಕಿಯೊಬ್ಬ ಈ ಟಯರು ಮಳೆಗಾಲ ಕಳೆಯುವುದು ಸಂಶಯ ಎನ್ನುವಾಗ ಇವನ ಬಾಯಿಂದ ಆ ಶಬ್ದ ಹೊರಟು, ಗಿರಾಕಿ ಗೋಡೆಯ ಮೇಲೆ ಹಲ್ಲಿ ಹುಡುಕಿ, "ನೋಡಿ, ಸತ್ಯ!" ಎಂದು ಎದ್ದೇ ಹೋಗಿದ್ದ. ಒಬ್ಬರು ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯ. ಇದು ಇಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಶಫೀಕ್ ವಾರವಿಡೀ ನಕ್ಕ. ಭವಿತಾ ನಗಲಿಲ್ಲ. ಅವಳಿಗೆ ಆ ಶಬ್ದ ಕೇಳಿದರೆ ಆಗುವುದಿಲ್ಲ. ಮಲಗಿದಲ್ಲಿಂದ ಆಚೆ ಹೊರಳಿ, "ಎದ್ದು ಬಾಯಿ ತೊಳೆದು ಬನ್ನಿ ಮಾರಾಯ್ರೆ, ಗೋಡೆಗೆ ಹಲ್ಲಿ ಸಾಲದಾ" ಎನ್ನುತ್ತಿದ್ದಳು. ಅದರಲ್ಲಿ ಸಲುಗೆ ಎಷ್ಟು, ಹೇಸಿಗೆ ಎಷ್ಟು ಎಂದು ಅವನು ಆಗಾಗ ತೂಗಿ ನೋಡಿಕೊಳ್ಳುತ್ತಿದ್ದ.

ಒಂದು ಲಾರಿ ಹೋಯಿತು. ಗಾಜು ನಡುಗಿ ನಿಂತಿತು. ವಾರಿಜಕ್ಕ ಮೂಗು ಒರಸಿಕೊಂಡು, ಬಾಗಿಲಿಗೆ ಹೇಳುವವಳ ಹಾಗೆ, ಆದರೆ ಅಡಿಗೆಮನೆಯವರೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ಈಗಲಾದರೂ ಹೊಟ್ಟೆ ತುಂಬ ಉಣ್ಣು ಅಮ್ಮ. ಬದುಕಿರುವಾಗ ಹಸಿದುಕೊಂಡೇ ಹೋದಿ ನೀನು. ಸೌಟು ಕೈಯಲ್ಲಿ ಇದ್ದವರು ಹಾಕಿದರಲ್ಲವಾ ಉಣ್ಣುದು!"

ಉದಯನ ದವಡೆ ಸಿಟ್ಟಿಗೆ ಬಿಗಿಯಿತು. ಬಿಗಿದ ಹಲ್ಲುಗಳ ನಡುವೆ ನಾರು ವಸಡಿಗೆ ಚುಚ್ಚಿತು. ನಾಲಗೆ ಅಲ್ಲಿಗೆ ನೆಗೆಯಿತು. ಚ್ಚ್, ಚ್ಚ್, ಚ್ಚ್.

ಚಿಕ್ಕಪ್ಪ ಕಣ್ಣು ತೆರೆದರು. ಕುರ್ಚಿಯಿಂದ ಬಗ್ಗಿ ತೋರುಬೆರಳ ಗೆಣ್ಣಿನಿಂದ ನೆಲವನ್ನು ಮೆಲ್ಲನೆ ಬಡಿದು "ಕೃಷ್ಣ ಕೃಷ್ಣ" ಎಂದರು.

"ಒಳಗಿಂದಲೇ ಬಂದದ್ದು ಮಾರಾಯ್ರೆ," ಎಂದ ಭಾವ, ಕಟ್ಟೆಯಿಂದ ಕಾಲು ಕೆಳಗಿಳಿಸಿ. "ಕೋಣೆಯ ಒಳಗಿಂದ."

"ಕೇಳಿತಲ್ಲ?" ವಾರಿಜಕ್ಕನ ಕಣ್ಣಲ್ಲಿ ನೀರು ತುಂಬಿ ಹೊಳೆಯುತ್ತಿತ್ತು. "ನಾನು ಹೇಳಿದರೆ ಹೊಟ್ಟೆಕಿಚ್ಚಿನವಳು. ಈಗ ಯಾರು ಹೇಳಿದ್ದು? ಎಲೆಯ ಮುಂದೆ ಕೂತವಳೇ ಹೇಳಿದ್ದು."

ಸುಮ್ಮನಿರಿ ಎಂದು ಚಿಕ್ಕಪ್ಪ ಕೈ ಮಾಡಿದರು. ಉದಯ ತಲೆಯೆತ್ತಿದಾಗ ಭವಿತಾ ಅವನನ್ನೇ ನೋಡುತ್ತಿದ್ದಳು. ಗೋಡೆಯನ್ನು ನೋಡಲಿಲ್ಲ, ಬಾಗಿಲನ್ನು ನೋಡಲಿಲ್ಲ. ಶಬ್ದ ಹುಟ್ಟಿದ ಜಾಗವನ್ನು, ಅವನ ಬಲಗೆನ್ನೆಯನ್ನು ನೋಡುತ್ತಿದ್ದಳು. ಅವಳಿಗೆ ಗೊತ್ತು. ಗೊತ್ತಿದೆ ಎಂಬುದು ಅವನಿಗೆ ಗೊತ್ತು ಎನ್ನುವುದೂ ಅವಳಿಗೆ ಗೊತ್ತು. ಅವಳು ಸೆರಗಿಗೆ ಕೈ ಒರಸುವುದನ್ನು ನಿಲ್ಲಿಸಿ ಕಾಯತೊಡಗಿದಳು.

ಹೇಳಲಿಕ್ಕೆ ಎಷ್ಟು ಮಾತು ಬೇಕಿತ್ತು? ಅದು ನಾನು. ಎರಡೇ ಶಬ್ದ. ಆದರೆ ಎರಡು ಶಬ್ದದ ಹಿಂದೆಯೇ ಮೂರನೆಯದನ್ನು ಚಿಕ್ಕಪ್ಪ ಕೇಳುತ್ತಾರೆ: ಎಂತ ಸಿಕ್ಕಿದ್ದು ಹಲ್ಲಿಗೆ? ಬೆಳಿಗ್ಗೆಯಿಂದ ಮನೆಯಲ್ಲಿ ಎಲ್ಲರೂ ತಿಂದದ್ದು ಅವಲಕ್ಕಿ ಮಾತ್ರ, ಅವಲಕ್ಕಿಗೆ ನಾರಿಲ್ಲ. ಅಮ್ಮನ ಮೊದಲ ಅಗೇಲನ್ನು ಮಗನೇ ಎಂಜಲು ಮಾಡಿದ. ಕಡಬದಲ್ಲಿ, ಐವರ್ನಾಡಿನ ಬಂಧುಗಳ ಮನೆಗಳಲ್ಲಿ, ಅದು ಯಾವ ಯಾವ ಬಾಯಲ್ಲಿ ಹೇಗೆ ಹೇಗೆ ಅಗಿಯಲ್ಪಡುತ್ತದೆಂದು ಅವನಿಗೆ ಕಾಣುತ್ತಿತ್ತು. ಅವನಿಗೆ ಸಿಟ್ಟು ಬಂತು. ಅಕ್ಕನ ಮೇಲೆ ಬಂತು: ತಿಂಗಳಿಗೊಮ್ಮೆ ಬಂದು, ಅಮ್ಮನ ತಲೆ ಸವರಿ, ಅತ್ತು, ಸಂಜೆಯ ಬಸ್ಸಿಗೆ ಹೋಗುತ್ತಿದ್ದವಳು ಇವಳು. ಚಿಕ್ಕಪ್ಪನ ಆ ಬೆರಳಿನ ಮೇಲೆ ಬಂತು. ಬಲಿತ ಹುಂಜದ ಮೇಲೆ, ಪುತ್ತೂರಿನ ಡಾಕ್ಟರ ಮೇಲೆ ಬಂತು. ಎಲ್ಲಕ್ಕಿಂತ ಹೆಚ್ಚು, ಹೀಗೆ ನೋಡುತ್ತ ನಿಂತ ಹೆಂಡತಿಯ ಮೇಲೆ ಬಂತು. ಅವಳು ಒಮ್ಮೆ ಕೂಗಾಡಬಾರದೇ? ನಾನು ಹಾಕಿದ್ದೇನೆ ಅತ್ತಿಗೆ, ನೀವೆಂತ ಕಂಡಿದ್ದೀರಿ ಎಂದು ಹೇಳಬಾರದೇ? ಅವಳು ಕೂಗಾಡಿದ್ದರೆ ಅವನೂ ಅವಳ ಹಿಂದೆ ನಿಂತು ಏನಾದರೂ ಹೇಳಬಹುದಿತ್ತು, ಹಲ್ಲಿಯ ಸುದ್ದಿಗೆ ಹೋಗದೆಯೇ ಹೇಳಬಹುದಿತ್ತು. ಹೀಗೆ ಕಾದು ನಿಂತರೆ ಮನುಷ್ಯ ಏನು ಮಾಡಬೇಕು?

ಹಾಕಲಿಲ್ಲ ಎಂಬುದು ಸುಳ್ಳು, ಹಾಕಿದ್ದಳು ಎಂಬುದೂ ಪೂರ್ತಿ ನಿಜವಲ್ಲ. ನುಂಗುವ ಶಕ್ತಿ ಕಮ್ಮಿಯಾಗಿದೆ, ಗಟ್ಟಿ ಕೊಟ್ಟರೆ ಶ್ವಾಸಕ್ಕೆ ಹೋಗುತ್ತದೆ, ಮೆತ್ತಗೆ ಬೇಯಿಸಿದ ಗಂಜಿಯನ್ನೇ ಕೊಡಿ ಎಂದು ಸುಳ್ಯದ ಡಾಕ್ಟರು ಹೇಳಿದ್ದರು. ಭವಿತಾ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು. ವಾರಿಜಕ್ಕ ಕಡಬದಿಂದ ಬುತ್ತಿಯಲ್ಲಿ ಕೋಳಿ ರೊಟ್ಟಿ ತಂದ ದಿನ, ಅಮ್ಮನ ಮೂಗು ಅರಳಿ, ಸೋತ ಬಾಯಿ ಒಂದು ಬದಿಗೆ ತೆರೆದದ್ದನ್ನು ಎಲ್ಲರೂ ನೋಡಿದರು. ಭವಿತಾ ಬುತ್ತಿಯನ್ನು ಎತ್ತಿ ಅಡಿಗೆಮನೆಗೆ ಒಯ್ದಳು. "ಒಂದು ಚೂರು ಸಾರಲ್ಲಿ ಅದ್ದಿ ಕೊಟ್ಟರೆ ಸಾಯುದಿಲ್ಲ" ಎಂದಳು ಅಕ್ಕ. "ಸತ್ತರೆ ನೀವು ಇರುವುದಿಲ್ಲ ಅತ್ತಿಗೆ, ನಾನಿರುದು" ಎಂದಳು ಇವಳು. ಗಂಜಿಗೂ ಅಮ್ಮನ ಬಾಯಲ್ಲಿ ಅನ್ನದ ಅಗುಳು ಉಳಿಯುತ್ತಿತ್ತು. ನಾಲ್ಕು ಹಲ್ಲುಗಳ ಸುತ್ತ, ಕೆನ್ನೆಯ ಸೋತ ಬದಿಯ ಚೀಲದಲ್ಲಿ, ಗಂಟೆಗಟ್ಟಲೆ. ಭವಿತಾ ಒದ್ದೆಬಟ್ಟೆಯನ್ನು ಬೆರಳಿಗೆ ಸುತ್ತಿ ಒಳಗೆ ಹಾಕಿ, ಒಂದೊಂದೇ ಅಗುಳನ್ನು ತೆಗೆಯುತ್ತಿದ್ದಳು. ಒಮ್ಮೆ ಅಮ್ಮ ಕಚ್ಚಿದಳು, ಬೆರಳು ಊದಿ ಉಗುರು ಕಪ್ಪಾಯಿತು. ಉದಯ ಇದನ್ನು ನೋಡಿದ್ದು ಎಷ್ಟು ಸಲ? ಮೊದಲ ದಿನ ನೋಡಿದ. ಹಳಸಿದ ಗಂಜಿಯ ವಾಸನೆ ಬಂತು, ಎದ್ದು ಹೊರಗೆ ಹೋದ. ಆಮೇಲೆ ಆ ಹೊತ್ತಿಗೆ ಸರಿಯಾಗಿ ಅವನಿಗೆ ಹೊರಗೆ ಏನಾದರೂ ಕೆಲಸ ಇರುತ್ತಿತ್ತು; ಇರದಿದ್ದರೆ ಬಾಗಿಲು ಎಳೆದುಕೊಂಡು ಹಾಲ್‌ನಲ್ಲಿ ಪೇಪರು ಹಿಡಿದು ಕೂರುತ್ತಿದ್ದ. ಅಮ್ಮನಿಗೆ ನಾಚಿಕೆಯಾಗಬಾರದೆಂದು ಬಾಗಿಲು ಎಳೆಯುವುದು ಎಂದು ತನಗೇ ಹೇಳಿಕೊಂಡಿದ್ದ.

ಚಿಕ್ಕಪ್ಪ ಎದ್ದು ಬಾಗಿಲನ್ನು ಬೆರಳಿನಿಂದ ತಟ್ಟಿ, ಒಂದು ಗಳಿಗೆ ನಿಂತು, ತೆರೆದರು. ದೀಪ ಉರಿಯುತ್ತಿತ್ತು. ಎಲೆಯ ಮೇಲಿನ ಸಾರು ತಣ್ಣಗಾಗಿ ಮೇಲೆ ಎಣ್ಣೆಯ ಕೆನೆ ಕಟ್ಟಿತ್ತು. ಎಲ್ಲರೂ ಅಡ್ಡಬಿದ್ದರು. ಎದ್ದ ಮೇಲೆ ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು. ಅವರು ಕೆಟ್ಟ ಮನುಷ್ಯರಲ್ಲ. ಯಾರ ಮನಸ್ಸೂ ನೋಯಬಾರದು ಎಂದು ಎಲ್ಲರ ಮನಸ್ಸನ್ನೂ ನೋಯಿಸುವವರು.

"ನೋಡು ಭವಿತಾ, ನೀನು ಬೇಕೂಂತ ಮಾಡಿದ್ದಿ ಅಂತ ನಾನು ಹೇಳುದಿಲ್ಲ. ಆದರೆ ತೀರಿಹೋದ ಅತ್ತಿಗೆಯ ಮನಸ್ಸಿನಲ್ಲಿ ಒಂದು ಕೊರತೆ ಉಂಟು ಅಂತ ಕಾಣ್ತದೆ. ಕೊರತೆ ಇಟ್ಟುಕೊಂಡು ಕಳಿಸಬಾರದು, ಬಾಳಿ ಬದುಕಬೇಕಾದ ಮನೆ. ಎಲೆಯ ಮುಂದೆ ಒಮ್ಮೆ ಬಗ್ಗಿ, ತಪ್ಪಾಯಿತು ಅಂತ ಹೇಳಿಬಿಡು. ಅಲ್ಲಿಗೆ ಮುಗಿಯಿತು."

"ನಾನಾ ಮಾವ?" ಎಂದಳು ಭವಿತಾ.

"ನೀನೇ. ಮತ್ತೆ ಯಾರು?"

ಅವಳು ಇನ್ನೊಮ್ಮೆ ಉದಯನ ಕಡೆ ತಿರುಗಿದಳು. ಅವಸರ ಮಾಡಲಿಲ್ಲ. ಒಂದು ಲಾರಿ ಬಂದು, ಗೇರ್ ಬದಲಿಸಿ, ಸುಳ್ಯದ ಕಡೆ ಇಳಿದು ಹೋಗುವಷ್ಟು ಹೊತ್ತು ಕೊಟ್ಟಳು. ಈಗ, ಎಂದುಕೊಂಡ ಉದಯ. ಈಗ ಹೇಳಿಬಿಡುತ್ತೇನೆ. ಬಾಯಿ ತೆರೆಯಲು ಹೋದರೆ ಆ ಬಾಯಲ್ಲೇ ಕಳ್ಳಮಾಲು ಇದ್ದ ಹಾಗೆ ತುಟಿಗಳು ಅಂಟಿಕೊಂಡವು. ನಾಲಗೆ, ಆ ನಾಚಿಕೆಗೆಟ್ಟ ನಾಲಗೆ, ಆಗಲೂ ನಾರನ್ನೇ ಸವರುತ್ತಿತ್ತು. ಭವಿತಾ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಮಂಡಿಯೂರಿದಳು. ಹಣೆ ಎಲೆಯ ತುದಿಗೆ ತಾಗುವಷ್ಟು ಬಗ್ಗಿ ಏನನ್ನೋ ಹೇಳಿದಳು. ಹೊರಗೆ ಯಾರಿಗೂ ಕೇಳಲಿಲ್ಲ. ಕೇಳದಿದ್ದರೂ ವಾರಿಜಕ್ಕ ತಲೆಯಾಡಿಸಿದಳು.

ಊಟಕ್ಕೆ ಕೂತರು. ಚಿಕ್ಕಪ್ಪ ಅಮ್ಮನ ಎಲೆಯ ಅನ್ನವನ್ನು ಪ್ರಸಾದದ ಹಾಗೆ ಒಂದೊಂದು ಹಿಡಿ ಎಲ್ಲರಿಗೂ ಹಾಕಿದರು. ಭಾವನಿಗೆ ಬಾಯಿ ಕಟ್ಟಿ ಸಾಕಾಗಿತ್ತು. "ಹುಂಜ ಗಟ್ಟಿ ಉಂಟು ಮಾರಾಯ, ಸಂಪಾಜೆ ಘಾಟಿ ಓಡಿ ಹತ್ತಿದ ಹುಂಜ ಎಂತದು?" ಎಂದು ತಾನೇ ನಕ್ಕ. "ಉಪ್ಪು ಸಾಲದು," ಎಂದಳು ವಾರಿಜಕ್ಕ, ಮೆಲ್ಲಗೆ. ಅಮ್ಮ ಗಟ್ಟಿ ಇದ್ದಾಗ ಪ್ರತಿ ಊಟಕ್ಕೂ ಹೇಳುತ್ತಿದ್ದ 'ಉಪ್ಪು ಇಲ್ಲೆ' ಎಂಬ ಮಾತನ್ನು ನೆನೆಸಿ ಒಂದು ಕ್ಷಣ ಅಕ್ಕ ತಮ್ಮ ಇಬ್ಬರ ಕಣ್ಣೂ ಕೂಡಿತು; ಉದಯ ಕಣ್ಣು ತೆಗೆದ. ಭವಿತಾ ಬಡಿಸುತ್ತಿದ್ದಳು. ಅವನ ಎಲೆಗೆ ಬರುವಾಗ ಸೌಟು ತಡೆಯಲಿಲ್ಲ, ಹೆಚ್ಚು ಹಾಕಲಿಲ್ಲ, ಕಮ್ಮಿ ಹಾಕಲಿಲ್ಲ. ಅವನು ತಿಂದ. ಸಿಟ್ಟಿನಿಂದ ತಿಂದ. ಪ್ರತಿ ತುತ್ತಿಗೂ ಹಲ್ಲುಗಳ ನಡುವೆ ಹೊಸ ನಾರು ಸೇರಿ ಹಳೆಯದನ್ನು ಇನ್ನಷ್ಟು ಒಳಗೆ ನೂಕುತ್ತಿದ್ದುದು ಅವನಿಗೆ ತಿಳಿಯುತ್ತಿತ್ತು.

ಕೈ ತೊಳೆದವನು ನೇರ ಹಿತ್ತಲಿಗೆ ಹೋದ. ಗೋಡೆಗೆ ಒರಗಿಸಿದ ಕಸಗುಡಿಸುವ ಹಿಡಿಸೂಡಿಯಿಂದ ಒಂದು ಕಡ್ಡಿ ಮುರಿದು ಸಂದಿಗೆ ಹಾಕಿದ. ಕಡ್ಡಿ ತುಂಡಾಯಿತು. ಇನ್ನೊಂದನ್ನು ಮುರಿದು ಕಳ್ಳನನ್ನು ಹೊರಗೆಳೆಯುವವನ ಹಾಗೆ ತಿವಿದ. ವಸಡು ಸೀಳಿ ರಕ್ತದ ರುಚಿ ಬಂತು. ಉಗುಳಿದ. ಹಿಂದೆ ಎಂಜಲೆಲೆಗಳನ್ನು ಬುಟ್ಟಿಯಲ್ಲಿ ತಂದ ಭವಿತಾ ನಿಂತಿದ್ದಳು.

"ಬಂತಾ?" ಎಂದು ಕೇಳಿದಳು.

"ಎಂತ?"

"ಅದೇ."

ಅವನು ಕಡ್ಡಿ ಬಿಸಾಡಿದ. "ನಿನಗೆ ಗೊತ್ತಿತ್ತಲ್ಲ. ಗೊತ್ತಿದ್ದೂ ಹೋಗಿ ಬಗ್ಗಿದಿ. ಅದು ಇವರು ಅಂತ ಹೇಳಲಿಕ್ಕೆ ಆಗುದಿಲ್ಲವಾ ನಿನಗೆ?"

"ನಾನು ಹೇಳುದಾ?" ಅವಳು ಬುಟ್ಟಿಯನ್ನು ಕೆಳಗಿಟ್ಟಳು. "ಬಾಯಿ ಯಾರದ್ದು?"

ಆ ಪ್ರಶ್ನೆ ಅವನನ್ನು ಸುಟ್ಟಿತು. ಅವಳು ಎಲೆಗಳನ್ನು ಗುಂಡಿಗೆ ಸುರಿದು, ಬುಟ್ಟಿ ಕೊಡವಿ, ಇವನನ್ನು ದಾಟಿ ಒಳಗೆ ಹೋದ ಮೇಲೆ ಆ ಸಿಟ್ಟು ಎದ್ದು ನಿಂತು ಅವನನ್ನು ಹಿಂದಿನಿಂದ ನೂಕಿದ ಹಾಗಾಯಿತು. ಅವನು ಹಾಲ್‌ಗೆ ನುಗ್ಗಿದ. ಚಿಕ್ಕಪ್ಪ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. "ಅದು ಹಲ್ಲಿಯಲ್ಲ!" ಎಂದು ಕಿರುಚಿದ. ತನ್ನ ದನಿ ಇಷ್ಟು ದೊಡ್ಡದೆಂದು ಅವನಿಗೇ ಗೊತ್ತಿರಲಿಲ್ಲ. "ಅಮ್ಮನೂ ಅಲ್ಲ, ಎಂತದೂ ಅಲ್ಲ. ನಾನು. ನನ್ನ ಹಲ್ಲು. ಹಲ್ಲಿಗೆ ಸಿಕ್ಕಿದ್ದನ್ನು ಎಳೆದದ್ದು ನಾನು. ಇವಳನ್ನು ಬಗ್ಗಿಸಿದಿರಲ್ಲ, ಬಗ್ಗಬೇಕಾದ್ದು ನಾನು!"

"ಮೆಲ್ಲ ಮಾರಾಯ, ರಸ್ತೆಗೆ ಕೇಳ್ತದೆ," ಎಂದ ಭಾವ.

"ಹಲ್ಲಿಗೆ ಎಂತ ಸಿಕ್ಕಿದ್ದು ಆಗ?" ಎಂದರು ಚಿಕ್ಕಪ್ಪ.

"ಕೋಳಿ. ಅಗೇಲಿಗೆ ಮೊದಲೇ ತಿಂದೆ. ಬೆಂದಿದೆಯಾ ಅಂತ ನೋಡಿದೆ. ಅಮ್ಮನಿಗೆ ಅಗಿಯಲಿಕ್ಕೆ ಆಗ್ತದಾ ಅಂತ ನೋಡಿದೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಚಿಕ್ಕಪ್ಪ ವೀಳ್ಯ ಕೆಳಗಿಟ್ಟು ಎದ್ದು ಬಂದು, "ಬಾಯಿ ತೆಗೆ" ಎಂದರು. ಅವನು ತೆಗೆದ. ಭಾವ ಮೊಬೈಲಿನ ಟಾರ್ಚ್ ಹಾಕಿ ಹಿಡಿದ. ಮದುವೆಯಾದ, ಮೀಸೆಯಲ್ಲಿ ಬಿಳಿ ಬಂದ ಗಂಡಸು, ತನ್ನದೇ ಮನೆಯ ಹಾಲ್‌ನಲ್ಲಿ, ಸಂತೆಯ ಹೋರಿಯ ಹಾಗೆ ಬಾಯಿ ತೆರೆದು ನಿಂತ. ಬೆಳಕಿಗೆ ಕಣ್ಣು ಮುಚ್ಚಿಕೊಂಡರೆ ಚಿಕ್ಕಪ್ಪನ ಸುಣ್ಣದ ವಾಸನೆಯ ಉಸಿರು ಮುಖಕ್ಕೆ ಬಡಿಯಿತು.

"ಉಂಟು," ಎಂದರು ಚಿಕ್ಕಪ್ಪ. "ಕೋಳಿಯೇ. ರಕ್ತವೂ ಉಂಟು. ಈಗ ಎಂತ ಆಯಿತು ಅದಕ್ಕೆ? ಈಗ ನನ್ನ ಹಲ್ಲಲ್ಲೂ ಉಂಟು. ನೋಡು." ಅವರು ತುಟಿ ಎತ್ತಿ ತೋರಿಸಿದರು. "ಊಟಕ್ಕೆ ಮೊದಲು ಹೇಳಿದ್ದರೆ ಒಂದು ಮಾತು. ಈಗ ಎಲ್ಲರ ಬಾಯಲ್ಲೂ ಅದೇ ಕೋಳಿ."

"ಹೆಂಡತಿಯ ಮುಖ ಸಣ್ಣ ಆದದ್ದು ನೋಡಲಿಕ್ಕೆ ಆಗಲಿಲ್ಲ ಅವನಿಗೆ," ಎಂದಳು ವಾರಿಜಕ್ಕ. "ಅಮ್ಮನ ಮುಖ ಒಣಗಿದ್ದು ಮಾತ್ರ ನೋಡಲಿಕ್ಕೆ ಆಗುತ್ತಿತ್ತು."

"ಅಕ್ಕ, ನಾನು ಸುಳ್ಳು ಹೇಳುದಲ್ಲ."

"ಸುಳ್ಳೋ ನಿಜವೋ, ಲೆಕ್ಕ ಸರಿಯಾಗಬೇಕಲ್ಲ," ಚಿಕ್ಕಪ್ಪ ತಾಳ್ಮೆಯಿಂದ ಹೇಳಿದರು, ಮಗುವಿಗೆ ಹೇಳುವ ಹಾಗೆ. "ನೀನು ಎಂಜಲು ಮಾಡಿದ್ದಾದರೆ ಅತ್ತಿಗೆ ಬರುತ್ತಿರಲಿಲ್ಲ. ಬಾರದವರು ಮಾತಾಡುದಿಲ್ಲ. ಮಾತಾಡಿದ್ದು ನಾನೇ ಈ ಕಿವಿಯಲ್ಲಿ ಕೇಳಿದ್ದೇನೆ. ಮಾತಾಡಿದ್ದಾರೆ ಅಂದರೆ ಬಂದಿದ್ದಾರೆ, ಬಂದಿದ್ದಾರೆ ಅಂದರೆ ನೀನು ತಿಂದಿಲ್ಲ."

ಉದಯ ಶಬ್ದ ಮಾಡಿ ತೋರಿಸಲು ಹೋದ. ನಾಲಗೆಯನ್ನು ಸಂದಿಗೆ ಒತ್ತಿ ಗಾಳಿ ಎಳೆದ. ಸೀಳಿದ ವಸಡಿನಿಂದ ರಕ್ತವೂ ಎಂಜಲೂ ಸೇರಿ ಪಿಚ್ಚೆಂದಿತು, ಗಲ್ಲದ ಮೇಲೆ ಇಳಿಯಿತು. ಭಾವ ಮುಖ ತಿರುಗಿಸಿದ.

ಆಗ ಅಡಿಗೆಮನೆಯ ಬಾಗಿಲಿನಿಂದ ಭವಿತಾ ಹೇಳಿದಳು, "ಅದು ಇವರದ್ದಲ್ಲ."

ಎಲ್ಲರೂ ತಿರುಗಿದರು. ಅವಳು ಉದಯನನ್ನು ನೋಡಲಿಲ್ಲ.

"ಇವರದ್ದು ನನಗೆ ಗೊತ್ತಿಲ್ವಾ? ಇವರದ್ದು ಬೇರೆ. ಅದು ಅತ್ತೆಯೇ. ಮಾತು ಬಿದ್ದುಹೋದ ಮೇಲೆ ಅತ್ತೆ ಹಾಗೆಯೇ ಮಾಡುತ್ತಿದ್ದದ್ದು. ಬೇಡ, ಅಲ್ಲ, ಹೇಳಲಿಕ್ಕೆ ನಾಲಗೆ ತಿರುಗುತ್ತಿರಲಿಲ್ಲ. ಚ್ಚ್ ಅನ್ನುದು. ಗಂಜಿ ಸಾಕಾದರೆ ಚ್ಚ್. ಮಗ್ಗುಲು ತಿರುಗಿಸುದು ಬೇಡ ಅಂದರೆ ಚ್ಚ್. ದಿನಾ ಬಾಯಿಗೆ ಬೆರಳು ಹಾಕಿದವಳು ನಾನು, ನನಗೆ ಗೊತ್ತುಂಟು. ಅತ್ತಿಗೆ, ನೀವು ಬಾಗಿಲ ಹತ್ತಿರ ಕೂತು, ಹಸಿದುಕೊಂಡು ಹೋದಿ ನೀನು ಅಂತ ಹೇಳಿದಿರಿ. ಅತ್ತೆ ಚ್ಚ್ ಅಂದರು. ಅಲ್ಲ ಅಂತ ಹೇಳಿದ್ದು ಅವರು."

ವಾರಿಜಕ್ಕನ ಮುಖದ ಮೇಲಿದ್ದ ಸಿಟ್ಟೆಲ್ಲ ಒಮ್ಮೆಲೇ ಇಳಿದು, ಅದರಡಿಯಲ್ಲಿ ಇದ್ದದ್ದು, ತಿಂಗಳಿಗೊಮ್ಮೆ ಸಂಜೆಯ ಬಸ್ಸು ಹತ್ತಿದವಳ ಮುಖ, ಕಂಡಿತು. ಚಿಕ್ಕಪ್ಪ ಗಲ್ಲ ಕೆರೆದುಕೊಂಡು ಯೋಚಿಸಿದರು. ಅವರ ಲೆಕ್ಕ ಕೆಡಲಿಲ್ಲ. ಅತ್ತಿಗೆ ಬಂದದ್ದು, ಮಾತಾಡಿದ್ದು ಎಲ್ಲ ಹಾಗೆಯೇ ಉಳಿಯಿತು. "ಹಾಗಾದರೆ ವಾರಿಜ," ಎಂದರು. ಮುಂದೆ ಹೇಳಬೇಕಾಗಲಿಲ್ಲ. ಅಕ್ಕ ಎದ್ದು, ಗೋಡೆ ಹಿಡಿದುಕೊಂಡು ಅಮ್ಮನ ಕೋಣೆಗೆ ಹೋದಳು. ಎಲೆ ತೆಗೆದು ಸಾರಿಸಿದ ಬರಿ ನೆಲಕ್ಕೆ ಹಣೆ ಇಟ್ಟು "ಅಮ್ಮಾ, ತಪ್ಪಾಯಿತು" ಎಂದು ದೊಡ್ಡ ಸ್ವರದಲ್ಲಿ ಅತ್ತಳು. ಅದು ಎಲ್ಲರಿಗೂ ಕೇಳಿತು.

ಉದಯ ಗಲ್ಲ ಒರಸಿಕೊಂಡು ನಿಂತಿದ್ದ. ಅಲ್ಲ ಅಕ್ಕ, ಏಳು, ಅದು ನಾನೇ ಎಂದು ಇನ್ನೊಮ್ಮೆ ಹೇಳಬೇಕಾದ್ದು ಈಗ. ಹೇಳಿದರೆ ಯಾರೂ ನಂಬುವುದಿಲ್ಲ. ನಂಬಿದರೆ ಭವಿತಾ ಸುಳ್ಳು ಹೇಳಿದವಳಾಗಿ, ಎಲೆಯ ಮುಂದೆ ಬಗ್ಗಿದವಳಾಗಿಯೇ ಉಳಿಯುತ್ತಾಳೆ. ಅವಳು ಅವನ ಕೈಯಿಂದ ಸತ್ಯವನ್ನೂ ಕಿತ್ತುಕೊಂಡಿದ್ದಳು. ಹೊತ್ತು ಮೀರಿ ತಂದ ಸಾಮಾನು ಬೇಡವೆಂದು ಹಿಂದಕ್ಕೆ ನೂಕುವ ಅಂಗಡಿಯವರ ಹಾಗೆ ನೂಕಿ, ತನ್ನ ಲೆಕ್ಕವನ್ನು ತಾನೇ ಮುಗಿಸಿಕೊಂಡಿದ್ದಳು. ಅವಳ ಮೇಲೆ ಅವನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಷ್ಟು ಸುಲಭದಲ್ಲಿ, ಕಣ್ಣು ಮಿಟುಕಿಸದೆ, ಸತ್ತವಳ ಬಾಯಿಗೆ ತನಗೆ ಬೇಕಾದ ಮಾತು ತುರುಕಿದಳಲ್ಲ ಎಂದುಕೊಂಡ. ಹಾಗೆ ಅಂದುಕೊಳ್ಳುವಾಗಲೇ ಅವನಿಗೆ ಪೇಪರು ಹಿಡಿದು ಕೂತ ಸಂಜೆಗಳ ನೆನಪು ಬಂತು. ಮುಚ್ಚಿದ ಬಾಗಿಲಿನ ಆಚೆ ಬಟ್ಟಲಿಗೆ ಚಮಚ ತಾಗುವ ಸದ್ದು, ನೀರು ಹಿಂಡುವ ಸದ್ದು, ನಡುವೆ ಆಗಾಗ ಒಂದು ಚ್ಚ್. ಅದನ್ನು ಅವನು ಕೇಳಿದ್ದ. ಪ್ರತಿ ಸಂಜೆ ಕೇಳಿದ್ದ. ಅದು ಭವಿತಾಳ ಬೇಸರದ್ದೆಂದು, ಮುದುಕಿಯ ಬಾಯಿ ತೊಳೆದು ಸಾಕಾದವಳ ತಾತ್ಸಾರದ್ದೆಂದು ತಿಳಿದು, ಒಳಗೊಳಗೆ ಅವಳ ಮೇಲೆ ಹಲ್ಲು ಕಡಿದಿದ್ದ. ಎದ್ದು ಹೋಗಿ ಬಾಗಿಲು ತೆರೆದು ನೋಡಿರಲಿಲ್ಲ.

ಅದು ಸಾಕೆಂದ ಅಮ್ಮನದೋ, ಸಾಕಾದ ಹೆಂಡತಿಯದೋ ಅವನಿಗೆ ಗೊತ್ತಿಲ್ಲ. ಅಮ್ಮ ಹಸಿದು ಹೋದಳೋ ಇಲ್ಲವೋ ಎಂಬುದೂ ಹಾಗಾಗಿ ಗೊತ್ತಿಲ್ಲ. ಗೊತ್ತಿರುವವಳು ಒಬ್ಬಳು ಇದ್ದಾಳೆ, ದಿನಾ ಅವನ ಎಲೆಗೆ ಬಡಿಸುತ್ತಾಳೆ, ಅವನು ಕೇಳಿಲ್ಲ.